ಮಾರಿಯೆತಾದ ಅಂಚಿನ ಹಲಗೆ

ನಮ್ಮ ಲುಚಿತ್ಸಾ ಬಂದರಿನಲ್ಲಿ ಮುದಿ ದೋಣಿಯನ್ನು ಯಾರೂ ದಡದಲ್ಲಿ ಕೊಳೆಯಲು ಬಿಡುವುದಿಲ್ಲ. ಡಿಸೆಂಬರಿನಲ್ಲಿ ಸಂತ ನಿಕೊಲಾನ ಹಬ್ಬದ ಬೆಳಿಗ್ಗೆ ಅದಕ್ಕೆ ಹಗ್ಗ ಬಿಗಿದು, ಗುಡ್ಡದ ಮೇಲಿನ ಇಗರ್ಜಿಯ ಮುಂದಕ್ಕೆ ಎಳೆದೊಯ್ದು ಸುಡುತ್ತೇವೆ. ಅದರ ಬೂದಿ ಮುಂದೆ ಕಟ್ಟುವ ದೋಣಿಯ ಅಡಿಮರದ ಕೆಳಗೆ ಹೋಗುತ್ತದೆ. ಹಗ್ಗವನ್ನು ಮೊದಲು ಎಳೆಯಬೇಕಾದವರು ದೋಣಿಯ ಮನೆಯವರು. ಅವರು ಕೈ ಹಾಕದಿದ್ದರೆ ಊರಿಗೆ ಊರೇ ಬಂದು ನಿಂತಿದ್ದರೂ ದೋಣಿ ಅಲುಗುವಂತಿಲ್ಲ.

ಆ ವರ್ಷ ಮುದುಕ ದಿಂಕೊ ತನ್ನ ‘ಮಾರಿಯೆತಾ’ವನ್ನು ಕೊಡುತ್ತೇನೆಂದ. ಬಂದರಿನಲ್ಲಿ ಉಳಿದಿದ್ದ ಕೊನೆಯ ಮರದ ದೋಣಿ ಅದು. ಹುಳ ತಿಂದು ತಳವೆಲ್ಲ ಜರಡಿಯಾಗಿತ್ತು. ದಿಂಕೊನ ಬೆರಳುಗಳೂ ಸಂಧಿವಾತಕ್ಕೆ ಮಡಚಿಕೊಂಡಿದ್ದವು, ಕಾಫಿಯ ಬಟ್ಟಲನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದ. ಹಾಗಾಗಿ ಹಗ್ಗ ಎಳೆಯಬೇಕಾದವಳು ಅವನ ಒಬ್ಬಳೇ ಮಗಳು, ಬೇಕರಿಯ ಪೆರಿನಾ. ಅವಳು ಎಳೆಯುವುದಿಲ್ಲ ಎಂದುಬಿಟ್ಟಳು.

ಮಾರಿಯೆತಾ ಅವಳ ತಾಯಿಯ ಹೆಸರು. ತಾಯಿ ತೀರಿಕೊಂಡ ಮೇಲೂ ದಿನಾ ಬೇಕರಿಯ ಬಾಗಿಲು ತೆರೆದರೆ ಎದುರಿಗೆ ದೋಣಿಯ ಅಂಚಿನಲ್ಲಿ ಆ ಹೆಸರು ಕಾಣುತ್ತಿತ್ತು. ಬಂದರಿನ ಕಟ್ಟೆಯ ಮೇಲೆ ಹೋಟೆಲು ನಡೆಸುವ ಬೆರ್ತೊ ದೋಣಿಯನ್ನು ತನಗೆ ಕೊಡಿ ಎಂದಿದ್ದ. ಬಣ್ಣ ಬಳಿದು ಹೋಟೆಲಿನ ಮುಂದೆ ನಿಲ್ಲಿಸಿ, ಒಳಗೆ ಮಂಜುಗಡ್ಡೆ ತುಂಬಿ ಮೀನು ಜೋಡಿಸುತ್ತಾನಂತೆ, ಬೇಸಿಗೆಯ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಅಮ್ಮನ ಹೆಸರು ಕಣ್ಣೆದುರೇ ಉಳಿಯುತ್ತದಲ್ಲ, ಪೆರಿನಾಗೆ ಅಷ್ಟು ಸಾಕಾಗಿತ್ತು. ದಿಂಕೊ ಮಾತ್ರ, ಮಂಜುಗಡ್ಡೆಯ ಮೇಲೆ ಮಲಗುವುದು ಸತ್ತ ಮೀನು, ದೋಣಿಯಲ್ಲ ಎಂದು ಮುಖ ತಿರುಗಿಸಿದ.

ಅವನು ಹುಡುಗನಾಗಿದ್ದಾಗ ಮೇ ತಿಂಗಳಲ್ಲಿ ಬಂದರಿನ ದೋಣಿಗಳೆಲ್ಲ ಒಂದೇ ಗುಂಡಿನ ಸದ್ದಿಗೆ ಪಲಾಗ್ರುಜಾ ಎಂಬ ಬಂಡೆದ್ವೀಪದ ಕಡೆ ಹೊರಡುತ್ತಿದ್ದವು. ಮೀನು ಅಲ್ಲಿತ್ತು. ಆದರೆ ದೋಣಿ ಎಳೆದುಕೊಳ್ಳಲು ಅಂಗಳದಷ್ಟೇ ದಡ, ಮೊದಲು ಮುಟ್ಟಿದವರಿಗೆ ಜಾಗ. ಗಾಳಿ ನಿಂತರೆ ಹಗಲೂ ರಾತ್ರಿ ಹುಟ್ಟು ಹಾಕಬೇಕು. ಅಂಗೈ ಸುಲಿದರೆ ಬಟ್ಟೆ ಸುತ್ತಿಕೊಂಡು ಮತ್ತೆ ಹುಟ್ಟು. ಗಾಳಿ ಎದ್ದರೆ ಎರಡೂ ಅಂಚಿಗೆ ಎತ್ತರದ ಹಲಗೆಗಳನ್ನು ಸಿಕ್ಕಿಸಿ ಹಾಯಿ ಬಿಚ್ಚುತ್ತಿದ್ದರು, ಹುಟ್ಟು ಹಿಡಿದಾಗ ಆ ಹಲಗೆಗಳನ್ನು ಕಳಚಿಡುತ್ತಿದ್ದರು. ಇತ್ತ ಊರು ಹೆಂಗಸರ ಕೈಯಲ್ಲಿ. ಉಪ್ಪಿನ ಪೀಪಾಯಿ, ದ್ರಾಕ್ಷಿ ತೋಟ, ಹೆರಿಗೆ, ಸಾವು, ಎಲ್ಲವನ್ನೂ ಅವರೇ ನಿಭಾಯಿಸುತ್ತಿದ್ದರು. ಅಂಥ ಜನ ನಮ್ಮವರು ಎಂದು ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಹಬ್ಬದ ಬೆಳಿಗ್ಗೆ ಎಲ್ಲರೂ ಕಟ್ಟೆಯ ಮೇಲೆ ಸೇರಿದೆವು. ಪೆರಿನಾ ಉಪ್ಪುಮೀನು, ಈರುಳ್ಳಿ ತುಂಬಿದ ಪೊಗಾಚಾ ರೊಟ್ಟಿ ತಂದು ಎಲ್ಲರಿಗೂ ಹಂಚಿದಳು. ಆಮೇಲೆ ಕೈಕಟ್ಟಿ ನಿಂತಳು.

“ದಿಂಕೊ ಮಾಮ, ತಿಂದೋರು ಎಳೆಯೋ ಹಾಗಿಲ್ಲ, ಎಳೆಯೋಳು ಎಳೀತಿಲ್ಲ,” ಎಂದ ಬೆರ್ತೊ ಬಾಯಿ ಒರೆಸಿಕೊಳ್ಳುತ್ತ. “ನನ್ನ ಹೋಟ್ಲು ಇಲ್ಲೇ ಇದೆ. ಗುಡ್ಡ ಹತ್ತೋದೂ ಬೇಡ.”

“ಮೊದಲು ನಿಮ್ಮಪ್ಪಂಗೆ ಬಣ್ಣ ಬಳಿದು ನಿಲ್ಲಿಸ್ಕೋ ಹೋಗು,” ಎಂದ ದಿಂಕೊ.

ಜನ ನಕ್ಕರು. ಪೆರಿನಾ ನಗಲಿಲ್ಲ.

“ಬೂದಿ ಯಾವ ದೋಣಿಗೆ ಹಾಕ್ತೀಯಪ್ಪ? ಇಲ್ಲಿ ಮರದ ದೋಣಿ ಕಟ್ಟೋರು ಯಾರು ಉಳಿದಿದಾರೆ? ಎಲ್ಲಾ ಪ್ಲಾಸ್ಟಿಕ್ಕು. ಅಮ್ಮನ ಹೆಸರನ್ನ ಗಾಳಿಗೆ ತೂರೋಕೆ ನಾನು ಹಗ್ಗ ಎಳೀಬೇಕಾ?”

ದಿಂಕೊ ದೋಣಿಯ ಹತ್ತಿರ ಹೋದ. ಮಡಚಿದ ಬೆರಳುಗಳಲ್ಲೇ ಅಂಚಿನ ಹಲಗೆಯ ಗೂಟ ಸಡಿಲಿಸತೊಡಗಿದ. ಬಹಳ ಹೊತ್ತು ಹಿಡಿಯಿತು. ಅವನು ಕರೆಯಲಿಲ್ಲ, ನಾವು ಹೋಗಲಿಲ್ಲ. ಕೊನೆಗೆ ಹೆಂಡತಿಯ ಹೆಸರು ಬರೆದಿದ್ದ ಆ ಹಲಗೆಯನ್ನು ಮಗುವಿನಂತೆ ಎರಡೂ ತೋಳಲ್ಲಿ ಹೊತ್ತು ತಂದು ಮಗಳಿಗೆ ಕೊಟ್ಟ.

“ಇದನ್ನ ಸುಡಲ್ಲ. ದೋಣಿ ಮೈಯ ಬಾಗೆಲ್ಲ ಇದ್ರಲ್ಲಿದೆ, ನೋಡು. ನಮ್ಮಪ್ಪನ ದೋಣೀದೂ ಹೀಗೇ ಒಂದು ಹಲಗೆ ಉಳಿಸಿದ್ವಿ, ಅದನ್ನ ನೋಡ್ಕೊಂಡೇ ಇದನ್ನ ಕಟ್ಟಿದ್ದು. ಆಗ್ಲೂ ಕಟ್ಟೋರು ಯಾರೂ ಇರ್ಲಿಲ್ಲ ಮಗಳೇ. ಯುದ್ಧ ಆಗಿತ್ತು, ತಿನ್ನೋಕೇ ಇರ್ಲಿಲ್ಲ. ಬೂದಿ ಎಷ್ಟೋ ವರ್ಷ ಪೀಪಾಯೀಲಿ ಕಾದಿತ್ತು. ನಿಮ್ಮಮ್ಮನೇ ಅದನ್ನ ಮಡಿಲಲ್ಲಿ ಕಟ್ಕೊಂಡು ತಂದು ಸುರಿದಿದ್ದು.”

ಪೆರಿನಾಗೆ ಇದು ಗೊತ್ತಿರಲಿಲ್ಲ. ಹಲಗೆಯ ಬಾಗಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಸವರಿದಳು. ಹೆಸರಿನ ಮೇಲೆ ಸ್ವಲ್ಪ ಹಿಟ್ಟು ಅಂಟಿತು. ಆಮೇಲೆ ಹಲಗೆಯನ್ನು ಬೆರ್ತೊನ ತೋಳಿಗೆ ತುರುಕಿದಳು.

“ಹಿಡ್ಕೋ. ಬೀಳಿಸಿದ್ಯೋ, ನಿನ್ನ ಹೋಟ್ಲಿಗೆ ನಾಳೆಯಿಂದ ರೊಟ್ಟಿ ಇಲ್ಲ.”

ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಗ್ಗ ಹಿಡಿದು, ಹಿಂದಕ್ಕೆ ವಾಲಿ ಎಳೆದಳು. ಕಲ್ಲಿನ ಮೇಲೆ ದೋಣಿ ಕಿರುಗುಟ್ಟಿ ಒಂದಿಷ್ಟು ಸರಿಯಿತು. ಅಷ್ಟಾದ ಮೇಲೆ ನಾವೆಲ್ಲ ಕೈ ಹಾಕಿದೆವು. ಬೆರ್ತೊ ಹಲಗೆಯನ್ನು ದಿಂಕೊಗೆ ಒಪ್ಪಿಸಿ ಓಡಿಬಂದು ಪೆರಿನಾಳ ಹಿಂದೆಯೇ ಹಗ್ಗ ಹಿಡಿದ. ಅವನೂ ಪಲಾಗ್ರುಜಾಕ್ಕೆ ಹುಟ್ಟು ಹಾಕಿದವರ ಮೊಮ್ಮಗನೇ.

ಹಳೆಯ ಡಾಂಬರು ಮೆತ್ತಿದ ಮರ ಚೆನ್ನಾಗಿ ಉರಿಯಿತು. ಬೂದಿಯನ್ನು ಪೆರಿನಾ ಬೇಕರಿಯಲ್ಲಿ, ತಾಯಿಯ ಉಪ್ಪುಮೀನಿನ ಪೀಪಾಯಿಯಲ್ಲಿ ಮುಚ್ಚಿಟ್ಟಿದ್ದಾಳೆ. ಮೇಲೆ ಗೋಡೆಗೆ ಹಲಗೆ. ಪೀಪಾಯಿಯಲ್ಲಿರುವುದು ಯಾವ ಹಿಟ್ಟು ಎಂದು ಗಿರಾಕಿಗಳು ಚುಡಾಯಿಸುತ್ತಾರೆ. ಮಾರುವುದಲ್ಲ ಎನ್ನುತ್ತಾಳೆ.

ಮೊನ್ನೆ ರೊಟ್ಟಿಗೆಂದು ಬಂದ ಬೆರ್ತೊ ಜೇಬಿನಿಂದ ದಾರ ತೆಗೆದು, ತುದಿಗಾಲಲ್ಲಿ ನಿಂತು ಹಲಗೆಯನ್ನು ಅಳೆಯಲು ನೋಡುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, ದೋಣಿಗೆ ಪೈನ್ ಮರ ಹೇಳಿಯಾಗಿದೆ ಎಂದ. ಪೆರಿನಾ ಒಳಗೆ ಹೋಗಿ ಸ್ಟೂಲು ತಂದುಕೊಟ್ಟಳು.