ಒಳಚೀಲದ ಬಟ್ಟೆ

ದಿಂಬಿನ ಮೂಲೆಗೆ ಹತ್ತಿ ತುರುಕುತ್ತಿದ್ದ ದೊಡ್ಡವಳ ಕೈ ಮತ್ತೆ ಕಣ್ಣಿಗೆ ಹೋಯಿತು. ಮೂಲೆ ತುಂಬುವುದು ಬೆರಳಿನ ಕೆಲಸ. ಅಲ್ಲಿ ಗಟ್ಟಿಯಾಗದಿದ್ದರೆ ದಿಂಬು ತಿಂಗಳೊಳಗೆ ಕಿವಿ ಮಡಿಸಿದ ಬೆಕ್ಕಿನಂತಾಗುತ್ತದೆ. ಅವಳ ಎಡಗಣ್ಣಿನ ಮೇಲ್ರೆಪ್ಪೆಯ ಮೇಲೆ ಕಡಲೆಕಾಳಿನಷ್ಟು ದಪ್ಪದ ಕುರು ಎದ್ದಿತ್ತು. ಆರು ತಿಂಗಳಲ್ಲಿ ಇದು ಮೂರನೆಯದು.

“ಮುಟ್ಟಬೇಡ್ವೇ,” ಎಂದಳು ಹಿಂಜುವ ಯಂತ್ರಕ್ಕೆ ಹತ್ತಿ ಕೊಡುವ ಅಜ್ಜಿ. ಯಂತ್ರ ಆಗಷ್ಟೇ ನಿಂತಿತ್ತು. “ನಿನ್ನ ಕಣ್ಣು ನೋಡಿದ್ರೆ ದಿಂಬಿಗೆ ಮೆಣಸಿನಪುಡಿ ತುಂಬ್ತಿದ್ದೀಯೇನೋ ಅನ್ಸತ್ತೆ. ಆಸ್ಪತ್ರೆಗೆ ಹೋಗಿ ಬಾ.”

“ಹೋದ್ರೆ ಈ ಎಂಟು ದಿಂಬು ಯಾರು ಹೊಲೀತಾರೆ?”

“ನೀನು ಹುಟ್ಟೋಕೆ ಮುಂಚೆ ಜನ ಕಲ್ಲಿನ ಮೇಲೆ ತಲೆ ಇಟ್ಕೊಂಡು ಮಲಗ್ತಿದ್ರಾ? ಹೋಗು.”

ಹಿಂಜುವ ಯಂತ್ರ ಬಂದ ಮೇಲೆ ಅಂಗಡಿಯಲ್ಲಿ ಹತ್ತಿಯ ಎಳೆ ಮಂಜಿನಂತೆ ತುಂಬಿಕೊಳ್ಳುತ್ತಿತ್ತು. ಮಾಸ್ಕ್ ಇಲ್ಲದೆ ಯಾರೂ ಒಳಗೆ ಕೂರಬಾರದೆಂದು ಯಜಮಾನರು ಹೇಳಿದ್ದರು. ಉಳಿದವರು ಕೊಂಡು ತಂದರು. ದೊಡ್ಡವಳು ತಾನೇ ಹೊಲಿದುಕೊಂಡಳು, ದಿಂಬಿನ ಒಳಚೀಲದ ಬಟ್ಟೆಯಲ್ಲಿ, ಎರಡು ಪದರ ಮಾಡಿ. ನೇಯ್ಗೆ ಅಷ್ಟು ಬಿಗಿಯಾದ ಬಟ್ಟೆ ಅಂಗಡಿಯಲ್ಲಿ ಬೇರೊಂದಿರಲಿಲ್ಲ. ವರ್ಷಗಟ್ಟಲೆ ತಲೆಯ ಭಾರ ಬಿದ್ದರೂ ಒಂದೆಳೆ ಹತ್ತಿ ಹೊರಗೆ ಇಣುಕುವುದಿಲ್ಲ.

ಅಂಥ ಮಾಸ್ಕುಗಳನ್ನು ಅವಳು ಹೊಲಿದದ್ದು ಇದೇ ಮೊದಲಲ್ಲ. ನಾಲ್ಕು ವರ್ಷದ ಹಿಂದೆ ಊರಿಗೆಲ್ಲ ರೋಗ ಹಬ್ಬಿದಾಗ ತಂಗಿಗೆಂದು ಹನ್ನೆರಡು ಹೊಲಿದು ಕಳಿಸಿದ್ದಳು. ತಂಗಿ, ಮನೆಯವರ ಬಾಯಲ್ಲಿ ಚಿಕ್ಕವಳು, ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದಳು. ಆ ತಿಂಗಳುಗಳಲ್ಲಿ ಅಲ್ಲಿ ಆಯಾಗಳಿಗೆ ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ, ಮಾಸ್ಕ್ ಸಾಕಾಗುತ್ತಿರಲಿಲ್ಲ. “ಹತ್ತಿಯೇ ದಾಟಲ್ಲ, ರೋಗ ಎಲ್ಲಿ ದಾಟತ್ತೆ? ಹಾಕ್ಕೋ,” ಎಂದು ಫೋನಿನಲ್ಲಿ ಹೇಳಿದ್ದಳು ದೊಡ್ಡವಳು.

ಆಮೇಲೆ ಅಮ್ಮನೂ ರೋಗ ತಗುಲಿ ಅದೇ ವಾರ್ಡಿಗೆ ಬಂದಳು, ಒಂಬತ್ತನೆಯ ದಿನ ತೀರಿಕೊಂಡಳು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಬಟ್ಟೆ ಸುತ್ತಿದ ದೇಹದ ಪಕ್ಕ ಚಿಕ್ಕವಳು ಕೈಕಟ್ಟಿ ನಿಂತಿದ್ದಳು. ರೆಪ್ಪೆ ಊದಿತ್ತು, ಕಣ್ಣು ಕೆಂಪಾಗಿತ್ತು, ಆದರೆ ಒಂದು ಹನಿಯೂ ಬೀಳಲಿಲ್ಲ. ಅತ್ತು ಅತ್ತು ದಣಿದಿದ್ದ ದೊಡ್ಡವಳು ಎಲ್ಲರೆದುರು ಕೇಳಿಯೇಬಿಟ್ಟಳು: “ದಿನಾ ಹೆಣ ನೋಡಿ ನೋಡಿ ಹೆತ್ತವಳೂ ಒಂದು ಹೆಣ ಆಗಿಬಿಟ್ಳಾ ನಿಂಗೆ?”

ಚಿಕ್ಕವಳು ತಿರುಗಿ ವಾರ್ಡಿಗೆ ಹೊರಟುಹೋದಳು. ದೊಡ್ಡವಳು ಅವಳ ಫೋನ್ ಎತ್ತುವುದನ್ನು ಬಿಟ್ಟಳು. ಮೂರು ತಿಂಗಳ ನಂತರ ಒಂದು ಕಾಗದ ಬಂತು. ‘ಅಕ್ಕಾ, ನಂಗೆ ಅಳು ಬರಲಿಲ್ಲ ಅಂತಲ್ಲ, ಕಣ್ಣಲ್ಲಿ ನೀರು ಬರಲಿಲ್ಲ’ ಎಂಬಲ್ಲಿಗೆ ಬರುವಷ್ಟರಲ್ಲಿ ದೊಡ್ಡವಳಿಗೆ ಮೈಯೆಲ್ಲ ಉರಿದುಹೋಯಿತು. ಮಾತು ಕಲಿತಿದ್ದಾಳೆ ಎಂದುಕೊಂಡು ಕಾಗದವನ್ನು ಅಷ್ಟಕ್ಕೇ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಸಿಟ್ಟು ಇಳಿದ ಮೇಲೆ ಉತ್ತರ ಬರೆಯಬೇಕೆಂದು ಎಷ್ಟೋ ಸಲ ಕೂತಳು. ‘ಚಿಕ್ಕೀ’ ಎಂದು ಬರೆದ ಮೇಲೆ ಕೈ ಮುಂದೆ ಹೋಗುತ್ತಿರಲಿಲ್ಲ. ತಪ್ಪು ಅವಳದು, ತಾನೇಕೆ ಮೊದಲು ಬಾಗಬೇಕು? ಹಾಗೆಯೇ ನಾಲ್ಕು ವರ್ಷ ಕಳೆಯಿತು.

ಕಣ್ಣಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ರೆಪ್ಪೆಯನ್ನು ಮಗುಚಿ ದೀಪ ಬಿಟ್ಟು ನೋಡಿದಳು.

“ರೆಪ್ಪೆ ಅಂಚಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿ ಇರತ್ತಮ್ಮಾ. ಅದರ ಬಾಯಿ ಕಟ್ಕೊಂಡಿದೆ, ಅದಕ್ಕೇ ಕುರು. ಕಣ್ಣೂ ಒಣಗಿದೆ. ಬೆಳಗ್ಗೆ ಸಂಜೆ ಬಿಸಿ ಬಟ್ಟೆ ಇಟ್ಟು, ಅಂಚನ್ನ ಮೆತ್ತಗೆ ಒರೆಸ್ಬೇಕು. ಹಿಸುಕೋದು ಬೇಡ. ದಿನಾ ಎಷ್ಟು ಹೊತ್ತು ಮಾಸ್ಕ್ ಹಾಕ್ತೀರಾ?”

“ಹತ್ತು ಗಂಟೆ.”

“ಇದೇನಾ? ಹಾಕ್ಕೊಳ್ಳಿ, ನೋಡೋಣ. ಈಗ ಜೋರಾಗಿ ಉಸಿರು ಬಿಡಿ.”

ಬಿಟ್ಟಳು. ಡಾಕ್ಟರು ಅವಳ ಕೈಯನ್ನೇ ಹಿಡಿದು ಮಾಸ್ಕಿನ ಮುಂದೆ ಇಟ್ಟಳು. ಏನೂ ತಾಗಲಿಲ್ಲ. ಆಮೇಲೆ ಕೈಯನ್ನು ಮೂಗಿನ ಪಕ್ಕ, ಕಣ್ಣಿನ ಕೆಳಗೆ ಇಟ್ಟಳು. ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ ಹೊಡೆಯಿತು.

“ನೋಡಿದ್ರಾ? ಬಟ್ಟೆ ಉಸಿರನ್ನ ಹೊರಗೆ ಬಿಡ್ತಾ ಇಲ್ಲ. ಮೂಗಿನ ಹತ್ರ ಒತ್ತಿ ಹಿಡಿಯೋ ತಂತೀನೂ ಇಲ್ಲ. ಅಷ್ಟೂ ಗಾಳಿ ಕಣ್ಣಿಗೇ ಹೋಗತ್ತೆ. ಯಾರು ಹೊಲಿದಿದ್ದು ಇದನ್ನ?”

ದೊಡ್ಡವಳು ಮಾಸ್ಕಿನ ಅಂಚು ಸವರಿ ಹೇಳಿದಳು, “ಹೊಲಿಗೆ ಗಟ್ಟಿಯಾಗಿದೆ ಡಾಕ್ಟ್ರೇ.”

“ಹೊಲಿಗೆಗೇನೂ ಅಂದಿಲ್ಲಮ್ಮಾ. ಮಾಸ್ಕ್ ಬಿಡಿ ಅಂತಲೂ ಹೇಳ್ತಿಲ್ಲ. ಬೇರೆ ಥರದ್ದು ತಗೊಳ್ಳಿ, ಮೇಲಿನ ಅಂಚು ಕೂತ್ಕೊಳ್ಳೋ ಅಂಥದ್ದು.”

ಚೀಟಿ ಹಿಡಿದು ಎದ್ದವಳು ಮತ್ತೆ ಕೂತಳು. “ಇದನ್ನ ದಿನಾ ಹದಿನಾಲ್ಕು ಗಂಟೆ ಹಾಕ್ಕೊಂಡ್ರೆ... ತಿಂಗಳುಗಟ್ಟಲೆ... ಅಳೋವಾಗಲೂ ನೀರು ಬರದೆ ಇರತ್ತಾ?”

“ಎಲ್ಲರಿಗೂ ಹಂಗಾಗಲ್ಲ. ಕೆಲವರಿಗೆ ಉರಿ ಹತ್ತಿ ಸುಮ್ಮನೆ ನೀರು ಸುರಿಯತ್ತೆ. ಕೆಲವರಿಗೆ ಒಣಗಿಯೇ ಹೋಗತ್ತೆ, ಅದೂ ನಿದ್ದೆಗಿದ್ದೆ ಇಲ್ಲದೆ ದುಡಿಯೋರಿಗೆ. ಯಾಕೆ, ಮನೇಲಿ ಯಾರಿಗಾದ್ರೂ ಹೀಗಿದ್ಯಾ?”

“ಇತ್ತು,” ಎಂದಳು ದೊಡ್ಡವಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆ ತೆಗೆದಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂದು ನಿಲ್ಲಿಸಿದಲ್ಲಿಂದ ಓದಿದಳು. ಹಾಳೆಯ ಹಿಂಬದಿಯಲ್ಲೂ ಬರೆದಿತ್ತು. ಅದನ್ನು ಅವಳು ತಿರುಗಿಸಿಯೇ ಇರಲಿಲ್ಲ.

‘ಯಾಕೆ ಬರಲಿಲ್ಲ ಅಂತ ನಂಗೂ ಆಗ ತಿಳಿಯಲಿಲ್ಲ. ಆಮೇಲೆ ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರು ನೋಡಿ, ಮಾಸ್ಕ್ ಬದಲಿಸು ಅಂದ್ರು. ನಮ್ಮಕ್ಕ ಹೊಲಿದಿದ್ದು, ಅದನ್ನ ಹೇಗೆ ಬಿಡಲಿ ಅಂದೆ. ಬೈದ್ರು. ಈಗ ಬೇರೆ ಹಾಕ್ತೀನಿ, ನೀನು ಬೇಜಾರು ಮಾಡ್ಕೋಬೇಡ. ಮೊನ್ನೆ ಪಾತ್ರೆ ತೊಳೆಯುವಾಗ ಅಮ್ಮನ ನೆನಪಾಗಿ ನೀರು ಬಂತು ಅಕ್ಕಾ. ನಿಂಗೆ ಹೇಳ್ಬೇಕು ಅನ್ನಿಸ್ತು.’

ದೊಡ್ಡವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಕುರು ಎದ್ದ ಕಣ್ಣು ಉರಿಯುತ್ತಲೇ ಇತ್ತು. ಒದ್ದೆಯಾದದ್ದು ಇನ್ನೊಂದು ಕಣ್ಣು ಮಾತ್ರ, ಅದೂ ಅಂಚಿನಲ್ಲಿ ಒಂದಿಷ್ಟು.

ಮರುದಿನ ಊಟದ ಹೊತ್ತಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಳು. ಅಜ್ಜಿ ಡಬ್ಬಿ ಬಿಚ್ಚುತ್ತ ಇಣುಕಿದಳು.

“ಯಾರಿಗೆ?”

“ತಂಗಿಗೆ.”

“ತಂಗಿ ಇದ್ದಾಳಾ ನಿಂಗೆ? ಇಷ್ಟು ವರ್ಷ ಜತೇಲಿ ಕೂತು ಇವತ್ತು ಗೊತ್ತಾಗ್ತಿದೆ ನೋಡು.”

“ಇದ್ದಾಳೆ.”

“ಏನಂತ ಬರೀತಿದ್ದೀಯ?”

“ಹೊಲಿದಿದ್ದು ನಾನು ಅಂತ.”

ಅಜ್ಜಿಗೆ ಅರ್ಥವಾಗಲಿಲ್ಲ. ಆದರೂ ಊಟ ಮುಗಿದ ಮೇಲೂ ಯಂತ್ರ ಹಾಕದೆ ಗೋಡೆಗೊರಗಿ ಕೂತುಕೊಂಡಳು. ದೊಡ್ಡವಳು ಬರೆದದ್ದು ಒಂದೇ ಪುಟ. ಅಂಗಳದಲ್ಲಿ ತಾನು ಆಡಿದ ಮಾತನ್ನು ಒಂದಕ್ಷರ ಬಿಡದೆ ಹಾಗೇ ಬರೆದಳು, ಅದರ ಕೆಳಗೆ ‘ಅದನ್ನ ಆಡಬಾರದಿತ್ತು’ ಎಂದು ಬರೆದಳು. ಕ್ಷಮಿಸು ಎಂದು ಬರೆಯಲು ಕೈ ಬರಲಿಲ್ಲ. ಕೇಳಿದರೆ ಅವಳು ತಕ್ಷಣ ಕ್ಷಮಿಸಿಬಿಡುತ್ತಾಳೆಂದು ಗೊತ್ತಿತ್ತು. ಕೊನೆಗೆ ‘ಈಗ ಕಣ್ಣು ಹೇಗಿದೆ?’ ಎಂದು ಬರೆದು ಮಡಿಸಿದಳು. ಗೊತ್ತಿದ್ದದ್ದು ನಾಲ್ಕು ವರ್ಷದ ಹಿಂದಿನ ವಿಳಾಸವೊಂದೇ. ಅದನ್ನೇ ದಪ್ಪಕ್ಷರದಲ್ಲಿ ಬರೆದಳು.

ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿತ್ತು. ಈಗೀಗ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಬಾಯಿಗೆ ಧೂಳು ಕಟ್ಟಿತ್ತು. ದೊಡ್ಡವಳು ಬೆರಳಿನಿಂದ ಧೂಳನ್ನು ಒರೆಸಿ, ಕಾಗದವನ್ನು ಒಳಗೆ ನೂಕಿ ಕೈಬಿಟ್ಟಳು. ಒಳಗೆ ಬೇರೆ ಕಾಗದವಿರಲಿಲ್ಲವೇನೋ. ಅದು ತಗಡಿನ ತಳಕ್ಕೆ ಹೋಗಿ ತಾಗಿದ ಸದ್ದು ಅವಳಿಗೆ ಕೇಳಿಸಿತು.