ಎರಡನೆಯ ಜ್ವರ

ಸತ್ತವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವನ ಅಣ್ಣನಿಗೆ ಬರುತ್ತಿತ್ತು. ಆ ಅಣ್ಣ ಈಗ ಬಾಗಿಲಿಗೆ ಅಡ್ಡ ಕೈಯಿಟ್ಟು ಡಾಕ್ಟರನ್ನು ತಡೆದು ನಿಂತಿದ್ದ.

"ಇನ್ನೇನ್ ಉಳಿದಿದೆ ಸಾರ್ ನೋಡೋಕೆ? ಮೂಗಿಗೆ ಕಡ್ಡಿ ಹಾಕಿ ಫ್ಲೂ ಅಂದ್ರಿ. ಮುಗೀತಲ್ಲ."

"ಫ್ಲೂ ಇದ್ದದ್ದು ನಿಜ. ಆದ್ರೆ ಕೊನೇಲಿ ಕಣ್ಣು ಹಳದಿ ಆಗಿತ್ತು. ಬರೀ ಫ್ಲೂಗೆ ಹಾಗಾಗಲ್ಲ. ಅವರು ಎಲ್ಲಿಗಾದ್ರೂ ಹೋಗಿ ಬಂದಿದ್ರಾ?"

"ಆಗ್ಲೇ ಹೇಳಿದ್ನಲ್ಲ, ಎಲ್ಲೂ ಇಲ್ಲ ಅಂತ."

ಅಂಗಳದಲ್ಲಿ ಗುಸುಗುಸು ಎದ್ದಿತು. "ಡಾಕ್ಟ್ರು ಹೆಣದ ಹಿಂದೆ ಮನೆ ತನಕ ಬರೋದುಂಟೇನ್ರೀ? ಏನೋ ಎಡವಟ್ಟು ಮಾಡಿದಾರೆ," ಎಂದಳು ಪಕ್ಕದ ಮನೆಯ ದರ್ಜಿ.

ಹೆಂಡತಿ ಗಂಡನ ತಲೆಯ ಬಳಿ ಕೂತಿದ್ದಳು. ಕಣ್ಣು ಮಾತ್ರ ಗೋಡೆಗೊರಗಿ ಕೂತಿದ್ದ, ಎಲ್ಲರೂ ಕೊಕ್ಕೆ ಎಂದು ಕರೆಯುವ ಗೆಳೆಯನ ಮೇಲಿತ್ತು. ಗಂಡನ ಜೊತೆ ಮೊಬೈಲ್ ಟವರ್ ಹತ್ತುತ್ತಿದ್ದವನು. ಹೋದ ತಿಂಗಳು ಅವನ ಜೊತೆಯಲ್ಲೇ ಹೊರದೇಶದ ಕಾಡಿನ ಕೆಲಸ ಮುಗಿಸಿ ಬಂದವನು. ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ನಡುಗುತ್ತಿದ್ದ.

"ಪಾಪ, ದುಃಖ," ಎಂದರು ಯಾರೋ.

"ನಂಗೂ ಫ್ಲೂ ಅಂತೆ ಅತ್ತಿಗೆ. ಮಾತ್ರೆ ಕೊಟ್ಟಿದಾರೆ," ಎಂದ ಕೊಕ್ಕೆ. ಹಲ್ಲು ಕಟಕಟ ಎನ್ನುತ್ತಿತ್ತು.

ಗಂಡನೂ ಹೀಗೇ, ಮಂಚ ಅಲುಗುವಂತೆ ನಡುಗಿದ್ದ.

* * *

ಆಸ್ಪತ್ರೆಯಲ್ಲಿ ನರ್ಸ್ ಇದೇ ಪ್ರಶ್ನೆ ಕೇಳಿದಾಗ ಗಂಡ ಬಾಯಿ ತೆರೆದಿದ್ದ. ಅವನ ಅಣ್ಣ, ಅವಳ ಭಾವ, ತೊಡೆ ಚಿವುಟಿದ.

"ಇಲ್ಲೇ ಇದ್ದ ಸಿಸ್ಟರ್, ಎಲ್ಲೂ ಹೋಗಿಲ್ಲ."

ಆಮೇಲೆ ಹೊರಗೆ ಅವಳ ಹತ್ತಿರ ಪಿಸುಗುಟ್ಟಿದ: "ಹೊರದೇಶ ಅಂದ್ರೆ ಗಾಜಿನ ರೂಮಿಗೆ ಹಾಕ್ತಾರೆ. ನಿನ್ನನ್ನೂ ಒಳಗೆ ಬಿಡಲ್ಲ. ಒಬ್ಬನೇ ಬಿದ್ದಿರ್ಬೇಕಾ ಅವನು?"

ಬೇಡ ಎಂದು ಅವಳಿಗೂ ಅನಿಸಿತ್ತು. ಫ್ಲೂ ಎಂದು ಗೊತ್ತಾದಾಗ ಮೂವರೂ ನಕ್ಕಿದ್ದರು. "ಟವರ್ ತುದೀಲಿ ಬೀಳದವನು ನೆಗಡಿಗೆ ಬಿದ್ಯಲ್ಲೋ," ಎಂದು ಭಾವ ರೇಗಿಸಿದ್ದ.

* * *

ಅವಳು ಎದ್ದು ಬಾಗಿಲಿಗೆ ಬಂದಳು.

"ಡಾಕ್ಟ್ರೇ, ಇವರೂ ಕೊಕ್ಕೆನೂ ಹೊರದೇಶಕ್ಕೆ ಹೋಗಿದ್ರು. ಸೊಳ್ಳೆ ಮುತ್ತೋ ಕಾಡು. ಮೊದ್ಲು ಕೊಕ್ಕೆ ರಕ್ತ ನೋಡಿ."

"ಅಂದ್ರೆ ನನ್ನ ತಮ್ಮನ್ನ ನಾನೇ ಕೊಂದೆ ಅಂತೀಯಾ? ಇಷ್ಟು ಜನರ ಮುಂದೆ?"

"ನಾನೂ ಅಲ್ಲೇ ಇದ್ದೆ ಭಾವ. ಬಾಯಿ ಮುಚ್ಕೊಂಡು."

ಡಾಕ್ಟರ್ ಕೊಕ್ಕೆಯ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಫ್ಲೂ ಜೊತೆಗೇ ಮಲೇರಿಯಾನೂ ಇರಬಹುದು. ಒಂದು ಸಿಕ್ತು ಅಂತ ಇನ್ನೊಂದನ್ನ ಹುಡುಕಲೇ ಇಲ್ಲ ನಾವು," ಎಂದು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಹೆಣ ಎತ್ತುವಾಗ ಒಂದು ಹೆಗಲು ಕಡಿಮೆ ಬಿತ್ತು. ಅವಳೇ ಕೊಟ್ಟಳು. ಮುಂದೆ ಹೊತ್ತಿದ್ದ ಭಾವ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ಅವಳ ಮನೆಯ ಕಡೆ ತಿರುಗಲೂ ಇಲ್ಲ.

ಸಂಜೆ ಡಾಕ್ಟರರ ಫೋನು ಬಂತು. ಕೊಕ್ಕೆಯ ರಕ್ತದಲ್ಲಿ ಮಲೇರಿಯಾ ಸಿಕ್ಕಿತ್ತು, ಔಷಧಿ ಶುರುವಾಗಿತ್ತು, ಅವನು ಉಳಿಯುತ್ತಾನೆ.

ಅವಳಿಗೆ ಆ ದಿನ ಇಲ್ಲವಾದವರು ಇಬ್ಬರು. ಮಣ್ಣಿಗೆ ಕೊಟ್ಟದ್ದು ಒಬ್ಬನನ್ನು.