ಡೆಲ್ಮರ್ ಕೊಂಡ ಬಂದೂಕುಗಳು

"ಆಂಟಿ, ಅಪ್ಪನ ಬಂದೂಕು ಇವತ್ತು ತಗೊಂಡು ಹೋಗ್ಲಾ?"

ಹಂದಿಮಾಂಸದ ಹ್ಯಾಮ್ ಕೊಯ್ಯುತ್ತಿದ್ದ ಲೋರೆಟಾಳ ಕೈ ನಿಂತಿತು. ಗಂಡ ಡೆಲ್ಮರ್‌ನನ್ನು ಮಣ್ಣು ಮಾಡಿ ಬಂದವಳು, ಬಂದವರಿಗೆ ಬಡಿಸಬೇಕೆಂದು ಕರಿಯ ಉಡುಪಿನ ಮೇಲೇ ಏಪ್ರನ್ ಕಟ್ಟಿಕೊಂಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತವನು ಪಕ್ಕದ ಮನೆಯ ವೆಂಡಲ್. ಯಾವಾಗ ಕೇಳಿದರೂ ಕೊಟ್ಟ ಬೆಲೆಗೇ ವಾಪಸು ಕೊಡುವೆನೆಂದು ಡೆಲ್ಮರ್ ಅಂಕಲ್ ಮಾತು ಕೊಟ್ಟಿದ್ದರು ಎಂದ.

ಮುಂದಿನ ಕೋಣೆಯಲ್ಲಿ ಗೆಳೆಯರು ಸತ್ತವನನ್ನು ಆಡಿಕೊಳ್ಳುತ್ತಿದ್ದರು. ಕಲ್ಲಿದ್ದಲು ಗಣಿಯ ಮೊದಲ ಸಂಬಳದಿಂದಲೇ ಡೆಲ್ಮರ್‌ಗೆ ಬಂದೂಕಿನ ಹುಚ್ಚು. ಹರೆಯದಲ್ಲಿ ಹೊಸದಾಗಿರಬೇಕು, ಹೊಳೆಯಬೇಕು. ನಡುವಯಸ್ಸಿಗೆ ರುಚಿ ತಿರುಗಿತು. ಅಜ್ಜಂದಿರ ಕಾಲದ ಒಂದು ಮರದ ಹಿಡಿಯ ಬಂದೂಕಿಗಾಗಿ ಪೆನ್ಸಿಲ್ವೇನಿಯಾ ರಾಜ್ಯವನ್ನೇ ದಾಟಿ ಹೋಗುತ್ತಿದ್ದ.

"ಕೊನೆಕೊನೆಗೆ ತಲೆ ಕೆಟ್ಟಿತ್ತು ಬಿಡ್ರೋ," ಎಂದ ಫ್ಲಾಯ್ಡ್. "ನನ್ ಹೆಂಡ್ತಿ ತೀರ್ಕೊಂಡ ವರ್ಷ, ತುಕ್ಕು ಹಿಡಿದು ದೊಣ್ಣೆಯಂತಾಗಿದ್ದ ನನ್ ಬಂದೂಕನ್ನೂ ಹೊಗಳಿ ಹೊಗಳಿ ಕೊಂಡ್ಕೊಂಡು ಹೋದ."

ಎಲ್ಲರೂ ನಕ್ಕರು.

\*

ಕೆಲವು ವರ್ಷಗಳ ಕೆಳಗೆ, ಕಂಪನಿ ಗಣಿಗೆ ಬೀಗ ಜಡಿದ ಚಳಿಗಾಲವದು. ಹಿಂದೆಯೇ ಆಸ್ಪತ್ರೆಯೂ ಮುಚ್ಚಿತು. ಬೆಟ್ಟದ ಹೊಟ್ಟೆ ಬಗೆದುಕೊಂಡು ಹೋದವರು ಊರಿಗೆ ಬಿಟ್ಟದ್ದು ಕೆಮ್ಮು ಮತ್ತು ಕೆಲಸವಿಲ್ಲದ ಹಗಲು. ವೆಂಡಲ್‌ನ ಅಪ್ಪ ಅರ್ಲ್ ತನ್ನ ಬಂದೂಕಿಗೆ ತಾನೇ ಬಲಿಯಾದ.

ಅವನನ್ನು ಹೂತು ಬಂದ ಡೆಲ್ಮರ್ ಬೂಟು ಬಿಚ್ಚದೆ ಕುಳಿತುಬಿಟ್ಟ. "ಹೋದ ವಾರ ಅದನ್ನೇ ಮಾರೋಕೆ ಬಂದಿದ್ದ ಕಣೇ. ಇಂಥದ್ದು ಬೀದಿಗೊಂದಿದೆ, ಬೇಡ ಅಂದೆ."

ಮರುದಿನ ಅದೇ ಬಂದೂಕನ್ನು ವೆಂಡಲ್‌ನಿಂದ ಕೊಂಡು ತಂದ. ಆಮೇಲೆ ಯಾರ ಮನೆಯ ಪರದೆ ಹಗಲಿಡೀ ಮುಚ್ಚಿರುತ್ತದೋ ಆ ಮನೆಗೆ ಹೋಗುತ್ತಿದ್ದ. ನಿನ್ನ ಬಂದೂಕು ನನ್ನ ಹತ್ತಿರ ಇರಲಿ ಎಂದರೆ ಆ ಗಂಡಸರು ಹೊರಗೆ ದಬ್ಬುತ್ತಿದ್ದರು. ಕೊಳ್ಳುತ್ತೇನೆ ಎಂದರೆ ಕೂರಿಸಿ ಕಾಫಿ ಕೊಡುತ್ತಿದ್ದರು.

\*

"ನಿದ್ದೆ ಬರುತ್ತೇನೋ?" ಲೋರೆಟಾ ಕೇಳಿದಳು.

ವೆಂಡಲ್ ನೆಲ ನೋಡಿದ. ಮೊದಲಿನ ಹಾಗೆ ಬರುವುದಿಲ್ಲ ಎಂದ.

"ಹಾಗಾದ್ರೆ ಅಪ್ಪಂದು ಇಲ್ಲೇ ಇರ್ಲಿ. ಬೇರೆ ಇದೆಯಾ?"

ಅವನು ಹೊರಗೆ ಕೈ ತೋರಿಸಿದ. "ಗಾಡೀಲಿದೆ. ಹೊಸದು."

ಅವಳು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. "ನಂಗೆ ಮಾರ್ತೀಯಾ?"

"ನಿಮಗೆ ಹಿಡಿಯೋಕೂ ಬರಲ್ವಲ್ಲ ಆಂಟಿ."

"ಕೊಳ್ಳೋಕೆ ಬರುತ್ತೆ."

ಕಿಟಕಿಯ ಬಳಿ ಇನ್ನೊಂದು ಕತೆ ತೆಗೆದಿದ್ದ ಫ್ಲಾಯ್ಡ್, ತಟ್ಟೆ ಹಿಡಿದುಕೊಂಡೇ ನಡುವೆ ಮಾತು ನಿಲ್ಲಿಸಿದ. ಹೊರಗೆ ಹಿಮದಲ್ಲಿ ಲೋರೆಟಾ ಬರುತ್ತಿದ್ದಳು. ಆಗಷ್ಟೇ ಮೀಯಿಸಿದ ಕೂಸನ್ನು ಎತ್ತಿಕೊಂಡಂತೆ ಎರಡೂ ತೋಳುಗಳ ಮೇಲೆ ಬಂದೂಕು. ವೆಂಡಲ್ ತೆಗೆದುಕೊಟ್ಟ ಗುಂಡುಗಳಿಂದ ಏಪ್ರನ್ನಿನ ಜೇಬು ಜೋತುಬಿದ್ದಿತ್ತು. ಅವಳು ಜಾರದಂತೆ ವೆಂಡಲ್ ಅವಳ ಮೊಣಕೈ ಹಿಡಿದುಕೊಂಡಿದ್ದ.